ಗಾಯಾ ಡೇಟಾದಿಂದ ಸುರುಳಿ ತೋಳು ಬಿಡಿಸಲು ಹೋದರೆ ಸೂರ್ಯನಿಂದ ಹೊರಟ ಕಡ್ಡಿಗಳು ಬರುತ್ತಿವೆ: ದೂರ, ಬಣ್ಣ, ವುಲ್ಫ್–ರಾಯೇ ಬಗ್ಗೆ ಕೆಲವು ಪ್ರಶ್ನೆ

ಸಿರಾ_ರಾತ್ರಿಪಾಳಿ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಗಾಯಾ ಎಂಬ ಯುರೋಪಿನ ಬಾಹ್ಯಾಕಾಶ ದೂರದರ್ಶಕದ ಮೂರನೇ ಪಟ್ಟಿ, ಡಿಆರ್3 ಟೇಬಲ್‌ನಿಂದ ಓ ಮತ್ತು ಬಿ ವರ್ಗದ (ಅತಿ ಬಿಸಿಯಾದ, ನೀಲಿ) ಭಾರೀ ನಕ್ಷತ್ರಗಳನ್ನು ಇಳಿಸಿಕೊಂಡು, ಮೇಲಿನಿಂದ ನೋಡಿದರೆ ನಮ್ಮ ಆಕಾಶಗಂಗೆ ಹೇಗಿದೆ ಅನ್ನುವ ನಕ್ಷೆ ಬಿಡಿಸಬೇಕಿದೆ. ಪ್ರೌಢಶಾಲೆ ವಿಜ್ಞಾನ ಸಂಘದ ಗೋಡೆಗೆ ಹಾಕುವಂಥದ್ದು, ಆದರೆ ಲೆಕ್ಕ ಸರಿಯಿರಬೇಕು.

ಈಗ ಹಾಕಿರುವ ಷರತ್ತು: ಬಿಪಿ–ಆರ್‌ಪಿ ಬಣ್ಣ (ಗಾಯಾದ ನೀಲಿ ಮತ್ತು ಕೆಂಪು ಅಳತೆಗಳ ವ್ಯತ್ಯಾಸ; ಹೆಚ್ಚಿದಷ್ಟೂ ಕೆಂಪು) ಸೊನ್ನೆಗಿಂತ ಕಡಿಮೆ, ಜಿ ಕಾಂತಿಮಾನ (ಹೆಚ್ಚಿದಷ್ಟೂ ಮಂಕು) 17ರ ಒಳಗೆ, ಗ್ಯಾಲಕ್ಸಿ ಅಕ್ಷಾಂಶ ±10 ಡಿಗ್ರಿ. ದೂರ = 1 ಭಾಗಿಸು ಪ್ಯಾರಲ್ಯಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ). ಬಂದ ಚಿತ್ರ: ಸೂರ್ಯನ ಸುತ್ತ ಒಂದು ದಪ್ಪ ಗುಡ್ಡೆ, ಅದರಾಚೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಎಲ್ಲ ದಿಕ್ಕಿಗೂ ಉದ್ದುದ್ದ ಗೆರೆಗಳು. ಎಲ್ಲ ಗೆರೆಯೂ ಸೂರ್ಯನ ಕಡೆಗೇ ತೋರಿಸುತ್ತದೆ. ಬಣ್ಣದ ಮಿತಿಯನ್ನು 1.5ಕ್ಕೆ ಏರಿಸಿದರೆ ಲಕ್ಷಗಟ್ಟಲೆ ನಕ್ಷತ್ರ ನುಗ್ಗುತ್ತವೆ, ತೋಳು ಇರಲಿ, ಗೆರೆಯೂ ಕಾಣುವುದಿಲ್ಲ.

ಇನ್ನೊಂದು. ಸಾಮಾನು ಇರುವುದು ಇಷ್ಟು: 18 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್, 55–250 ಲೆನ್ಸ್, ಟ್ರೈಪಾಡ್, ಸ್ಟಾರ್ ಅನಲೈಸರ್ 100 ಗ್ರೇಟಿಂಗ್ (ನಕ್ಷತ್ರದ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ, ಅಂದರೆ ಸ್ಪೆಕ್ಟ್ರಮ್ ಆಗಿ, ಬಿಡಿಸುವ ಗಾಜು). ಟ್ರ್ಯಾಕಿಂಗ್ ಇಲ್ಲ. ಇದರಲ್ಲಿ ವುಲ್ಫ್–ರಾಯೇ ನಕ್ಷತ್ರ (ಹೊರಪದರ ಕಳೆದುಕೊಂಡು ರಭಸದಿಂದ ಅನಿಲ ಉಗುಳುವ ಬಿಸಿ, ಭಾರೀ ನಕ್ಷತ್ರ) ಒಂದನ್ನಾದರೂ ಸಿರಾದಿಂದ ಹಿಡಿಯಬಹುದೆ? ಹೊಸದನ್ನು ಹುಡುಕುವುದು ಸಾಧ್ಯವೆ?

---

ದತ್ತಾಂಶ_ದಾಸಯ್ಯ (ಚಿಕ್ಕಬಳ್ಳಾಪುರ)

ಸಾರ್, ನಿಮ್ಮ ಚಿತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು ಬಣ್ಣದ್ದು, ಇನ್ನೊಂದು ದೂರದ್ದು. ಬೇರೆ ಬೇರೆಯಾಗಿಯೇ ಔಷಧಿ ಕೊಡಬೇಕು.

ಮೊದಲು ಬಣ್ಣ. ಓ ನಕ್ಷತ್ರದ ನಿಜವಾದ ಬಿಪಿ–ಆರ್‌ಪಿ ಸೊನ್ನೆಗಿಂತ ಕೆಳಗೇ ಇರುತ್ತದೆ, ನಿಜ. ಆದರೆ ಗ್ಯಾಲಕ್ಸಿಯ ತಟ್ಟೆಯಲ್ಲಿ ಧೂಳು ಇದೆ. ದೃಶ್ಯ ಬೆಳಕಿನಲ್ಲಿ 5 ಕಾಂತಿಮಾನದಷ್ಟು ಧೂಳು ಅಡ್ಡ ಬಂದರೆ ಬಿಪಿ–ಆರ್‌ಪಿ ಸುಮಾರು 2ರಷ್ಟು ಕೆಂಪಾಗುತ್ತದೆ. ಅಂದರೆ ಸೂರ್ಯನಿಗಿಂತ ಲಕ್ಷ ಪಟ್ಟು ಪ್ರಕಾಶದ ನೀಲಿ ನಕ್ಷತ್ರ ನಿಮ್ಮ ಟೇಬಲ್‌ನಲ್ಲಿ ಕೆಂಪು ದೈತ್ಯನ ವೇಷ ಹಾಕಿಕೊಂಡು ಕೂತಿರುತ್ತದೆ. ಸೊನ್ನೆಯಲ್ಲಿ ಕತ್ತರಿಸಿದಾಗ ನೀವು ಎಸೆದದ್ದು ಬೇಕಾದವನ್ನು. ಉಳಿಸಿಕೊಂಡದ್ದು ಧೂಳಿಲ್ಲದ ಹತ್ತಿರದವು, ಜೊತೆಗೆ ಬಿಳಿ ಕುಬ್ಜ, ಬಿಸಿ ಉಪಕುಬ್ಜಗಳು. 1.5ಕ್ಕೆ ಏರಿಸಿದಾಗ ಸೂರ್ಯನಂಥವು ಮತ್ತು ಕೆಂಪು ದೈತ್ಯಗಳು ಬಾಗಿಲು ಒಡೆದು ಬಂದವು. ಅವುಗಳ ಸಂಖ್ಯೆಯ ಮುಂದೆ ಓ ನಕ್ಷತ್ರ ಲೆಕ್ಕಕ್ಕೇ ಸಿಗುವುದಿಲ್ಲ.

ದಾರಿ ಇದು: ಗಾಯಾ ಟೇಬಲ್ಲಿಗೆ 2ಮಾಸ್ ಅವಕೆಂಪು ಟೇಬಲ್ ಜೋಡಿಸಿ. ಜೆ, ಎಚ್, ಕೆ ಮೂರೂ ಅಲೆಯುದ್ದಗಳ ಕಾಂತಿಮಾನ ಬೇಕು, ಅಂದರೆ 1.25, 1.65, 2.16 ಮೈಕ್ರಾನ್. ಗಾಯಾ ಆರ್ಕೈವ್‌ನಲ್ಲೇ ಸಿದ್ಧ ಜೋಡಣೆ ಟೇಬಲ್ ಇದೆ, ಆಕಾಶದಲ್ಲಿ ಹತ್ತಿರ ಇರುವುದನ್ನು ನೀವೇ ಹೊಂದಿಸಲು ಹೋಗಬೇಡಿ; ತಟ್ಟೆಯ ಜನಜಂಗುಳಿಯಲ್ಲಿ ಪಕ್ಕದ ನಕ್ಷತ್ರ ಅಂಟಿಕೊಳ್ಳುತ್ತದೆ. ಆಮೇಲೆ ಟಾಪ್‌ಕ್ಯಾಟ್‌ನಲ್ಲಿ (ಟೇಬಲ್ಲುಗಳಿಂದ ಚಿತ್ರ ಬಿಡಿಸುವ ತಂತ್ರಾಂಶ) ಅಡ್ಡ ಅಕ್ಷಕ್ಕೆ ಜಿ–ಕೆ, ಲಂಬ ಅಕ್ಷಕ್ಕೆ ಜೆ–ಎಚ್ ಹಾಕಿ ನೋಡಿ. ಧೂಳು ಎಷ್ಟೇ ಇರಲಿ, ಬಿಸಿ ನಕ್ಷತ್ರ ಒಂದು ಓರೆ ಗೆರೆಯ ಮೇಲೇ ಜಾರುತ್ತ ಹೋಗುತ್ತದೆ. ಕೆಂಪು ದೈತ್ಯಗಳ ಗೆರೆ ಅದಕ್ಕೆ ಸಮಾನಾಂತರವಾಗಿ ಮೇಲೆ ಇರುತ್ತದೆ. ನಡುವೆ ಕಣ್ಣಿಗೆ ಕಾಣುವಷ್ಟು ಸಂದು. ಕೆಳಗಿನ ಗೆರೆಯನ್ನು ಸುತ್ತುವರಿದು ಆರಿಸಿಕೊಳ್ಳಿ.

ಅದರ ಮೇಲೆ ಪ್ರಕಾಶದ ಷರತ್ತು: ಕೆ ಬ್ಯಾಂಡ್‌ನ ನಿರಪೇಕ್ಷ ಕಾಂತಿಮಾನ (ನಕ್ಷತ್ರದ ಅಸಲಿ ಪ್ರಕಾಶ; ಕಡಿಮೆ ಸಂಖ್ಯೆ ಅಂದರೆ ಹೆಚ್ಚು ಪ್ರಕಾಶ) ಸೊನ್ನೆಗಿಂತ ಕಡಿಮೆ ಇರಬೇಕು. ಇದನ್ನು ದೂರ ಲೆಕ್ಕ ಹಾಕಿ ಮಾಡಬೇಡಿ, ಪ್ಯಾರಲ್ಯಾಕ್ಸ್‌ನಲ್ಲೇ ಮಾಡಿ. 10ರಿಂದ ಕೆ ಕಾಂತಿಮಾನ ಕಳೆದು 5ರಿಂದ ಭಾಗಿಸಿ, ಅಷ್ಟನ್ನು 10ರ ಘಾತವಾಗಿ ಏರಿಸಿ. ಪ್ಯಾರಲ್ಯಾಕ್ಸ್ (ಮಿಲಿಆರ್ಕ್‌ಸೆಕೆಂಡ್‌ನಲ್ಲಿ) ಅದಕ್ಕಿಂತ ಕಡಿಮೆ ಇದ್ದರೆ ಪಾಸು. ಉದಾಹರಣೆಗೆ ಕೆ = 8 ಆದರೆ ಮಿತಿ 2.51, ಆ ನಕ್ಷತ್ರ 400 ಪಾರ್ಸೆಕ್‌ಗಿಂತ ಆಚೆ ಇದ್ದರೆ ಮಾತ್ರ ಒಳಗೆ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). ಹೀಗೆ ಮಾಡಿದರೆ ಪ್ಯಾರಲ್ಯಾಕ್ಸ್ ಋಣ ಸಂಖ್ಯೆಯಾಗಿರುವ ನಕ್ಷತ್ರವನ್ನೂ ಎಸೆಯಬೇಕಾಗಿಲ್ಲ. ಜಿ ಮಿತಿಯನ್ನು 16ಕ್ಕೆ ಇಳಿಸಿ.

ಈಗ ಕಡ್ಡಿಗಳು. ಡಿಆರ್3ಯಲ್ಲಿ ಜಿ 15ರ ಒಳಗಿನ ನಕ್ಷತ್ರಕ್ಕೆ ಪ್ಯಾರಲ್ಯಾಕ್ಸ್ ದೋಷ 0.02–0.03 ಮಿಲಿಆರ್ಕ್‌ಸೆಕೆಂಡ್, ಜಿ 17ರಲ್ಲಿ ಸುಮಾರು 0.07. ನಕ್ಷತ್ರ 1 ಕಿಲೋಪಾರ್ಸೆಕ್‌ನಲ್ಲಿದ್ದರೆ ಪ್ಯಾರಲ್ಯಾಕ್ಸ್ 1, ದೋಷ ಶೇ 2–3, ಚಿಂತೆಯಿಲ್ಲ. 3 ಕಿಲೋಪಾರ್ಸೆಕ್‌ನಲ್ಲಿ ಪ್ಯಾರಲ್ಯಾಕ್ಸ್ 0.333, 0.025 ದೋಷ ಅಂದರೆ ಶೇ 7.5, ಹಿಂದೆ ಮುಂದೆ 225 ಪಾರ್ಸೆಕ್. 8 ಕಿಲೋಪಾರ್ಸೆಕ್‌ಗೆ ಹೋದರೆ ಅದೇ ದೋಷ ಶೇ 20, ಅಂದರೆ 1.6 ಕಿಲೋಪಾರ್ಸೆಕ್. ತೋಳಿನ ಅಗಲವೇ ಕೆಲವು ನೂರು ಪಾರ್ಸೆಕ್. ದಿಕ್ಕಿನಲ್ಲಿ ಮಾತ್ರ ದೋಷವೇ ಇಲ್ಲ ಅನ್ನುವಷ್ಟು ನಿಖರ. ಹೀಗಾಗಿ ಒಂದೇ ಗುಂಪಿನ ನಕ್ಷತ್ರಗಳು ಅಡ್ಡಕ್ಕೆ ಹರಡದೆ, ನೋಟದ ಉದ್ದಕ್ಕೂ ಮಾತ್ರ ಎಳೆದುಕೊಂಡು ಕಡ್ಡಿಯಾಗುತ್ತವೆ. ಜಿ 17ರ ತನಕ ತೆಗೆದುಕೊಂಡು, ದೋಷ ನೋಡದೆ, 1 ಭಾಗಿಸಿದರೆ ಇದು ಬರಲೇಬೇಕು.

ಸರಿಪಡಿಸುವ ಕ್ರಮ. ಗಾಯಾದ ಪ್ಯಾರಲ್ಯಾಕ್ಸ್‌ಗೆ ಒಂದು ಸೊನ್ನೆ-ತಪ್ಪು ಇದೆ: ಕ್ವೇಸಾರ್‌ಗಳು (ದೂರದ ಗ್ಯಾಲಕ್ಸಿಗಳ ಹೊಳೆಯುವ ಕೇಂದ್ರಗಳು) ಅನಂತ ಎನ್ನುವಷ್ಟು ದೂರದಲ್ಲಿದ್ದರೂ ಅವುಗಳ ಸರಾಸರಿ ಪ್ಯಾರಲ್ಯಾಕ್ಸ್ ಸೊನ್ನೆ ಬಾರದೆ –0.017 ಮಿಲಿಆರ್ಕ್‌ಸೆಕೆಂಡ್ ಬರುತ್ತದೆ, ಪ್ರಕಾಶಮಾನ ನಕ್ಷತ್ರಗಳಿಗೆ –0.03, –0.04ರ ತನಕ. ಇದು ಕಾಂತಿಮಾನ, ಬಣ್ಣ, ಕ್ರಾಂತಿವೃತ್ತದ ಅಕ್ಷಾಂಶ ಮೂರರ ಮೇಲೂ ಬದಲಾಗುತ್ತದೆ. ಲೆನ್ನಾರ್ಟ್ ಲಿಂಡೆಗ್ರೆನ್ ತಂಡ ಕೊಟ್ಟಿರುವ ಸೂತ್ರದ ಪೈಥಾನ್ ಕೋಡ್ ಸಿಗುತ್ತದೆ, ಅದರಿಂದ ಪ್ರತಿ ನಕ್ಷತ್ರಕ್ಕೂ ತಿದ್ದಿ. ಸಣ್ಣ ಸಂಖ್ಯೆ ಅಂತ ಬಿಟ್ಟರೆ 3 ಕಿಲೋಪಾರ್ಸೆಕ್‌ನ ತೋಳು 3.3ಕ್ಕೆ ಹೋಗಿ ಕೂರುತ್ತದೆ.

ಆಮೇಲೆ ಪ್ಯಾರಲ್ಯಾಕ್ಸ್ ಅದರ ದೋಷದ 10 ಪಟ್ಟಾದರೂ ಇರುವವನ್ನು ಮಾತ್ರ ಇಡಿ. ಇಲ್ಲಿ ಒಂದು ಎಚ್ಚರಿಕೆ: 0.025 ದೋಷಕ್ಕೆ ಈ ಷರತ್ತು 4 ಕಿಲೋಪಾರ್ಸೆಕ್‌ನಲ್ಲಿ ಬೇಲಿ ಹಾಕುತ್ತದೆ. ನಕ್ಷೆ ಅಲ್ಲಿಗೆ ದುಂಡಗೆ ನಿಂತರೆ ಅದು ನಿಮ್ಮ ಬೇಲಿ, ಗ್ಯಾಲಕ್ಸಿಯ ಅಂಚಲ್ಲ. ಗೋಡೆಗೆ ಹಾಕುವಾಗ ಆ ವೃತ್ತವನ್ನು ಚುಕ್ಕಿಗೆರೆಯಲ್ಲಿ ಬರೆದುಬಿಡಿ. ಬೈಲರ್-ಜೋನ್ಸ್ ತಂಡದ ಸಿದ್ಧ ದೂರಗಳ ಟೇಬಲ್ ಇದೆಯಲ್ಲ ಅನ್ನುವವರಿಗೆ: ಪ್ಯಾರಲ್ಯಾಕ್ಸ್ ದುರ್ಬಲವಾದ ಕಡೆ ಆ ದೂರ ಒಂದು ಮಾದರಿಯ ಕಡೆಗೆ ವಾಲುತ್ತದೆ, ಆ ಮಾದರಿ ಎಲ್ಲ ಬಗೆಯ ನಕ್ಷತ್ರಗಳ ಮಿಶ್ರಣಕ್ಕೆ ಮಾಡಿದ್ದು. ಭಾರೀ ನಕ್ಷತ್ರಕ್ಕೆ ಅದು ಹೊಂದುವುದಿಲ್ಲ.

ರೂವೆ (ಗಾಯಾದ ಅಳತೆ ಒಂಟಿ ನಕ್ಷತ್ರದ ಲೆಕ್ಕಕ್ಕೆ ಎಷ್ಟು ಹೊಂದುತ್ತದೆ ಎಂಬ ಸಂಖ್ಯೆ; 1ರ ಹತ್ತಿರ ಇದ್ದರೆ ಚೆನ್ನ) 1.4ಕ್ಕಿಂತ ಹೆಚ್ಚಿದ್ದರೆ ಎಸೆಯಿರಿ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಭಾರೀ ನಕ್ಷತ್ರಗಳಲ್ಲಿ ಬಹುಪಾಲು ಜೋಡಿಗಳು. ಜೋಡಿಯ ಓಲಾಟದಿಂದಲೇ ರೂವೆ ಏರುತ್ತದೆ. ಎಸೆಯುವ ಬದಲು ಬೇರೆ ಬಣ್ಣದ ಚುಕ್ಕಿ ಕೊಡಿ, ಎಷ್ಟು ಅನ್ನುವುದು ಕಾಣಲಿ.

ಅಕ್ಷಾಂಶ ±10 ಡಿಗ್ರಿ ಅನ್ನುವುದೂ ಬೇಡ. ಹತ್ತಿರದಲ್ಲಿ ಅದು ಸಾಲದು, ದೂರದಲ್ಲಿ ತೀರಾ ಜಾಸ್ತಿ. ತಟ್ಟೆಯಿಂದ ಮೇಲೆ ಕೆಳಗೆ 150 ಪಾರ್ಸೆಕ್ ಎಂದು ಎತ್ತರದಲ್ಲೇ ಕತ್ತರಿಸಿ. ಕೊನೆಗೆ ಎಕ್ಸ್ = ದೂರ × ಕಾಸ್ ಅಕ್ಷಾಂಶ × ಕಾಸ್ ರೇಖಾಂಶ; ವೈಗೆ ಕೊನೆಯದು ಸೈನ್. ಡಿಗ್ರಿಯನ್ನು ರೇಡಿಯನ್ ಮಾಡದೆ ಹಾಕಿದರೆ ಕಾಳು ಚೆಲ್ಲಿದ ಹಾಗೆ ಬರುತ್ತದೆ, ಗೊತ್ತಾಗಿಬಿಡುತ್ತದೆ. ಗ್ಯಾಲಕ್ಸಿಯ ಕೇಂದ್ರವನ್ನು ಎಕ್ಸ್ ಅಕ್ಷದಲ್ಲಿ 8.15 ಕಿಲೋಪಾರ್ಸೆಕ್‌ಗೆ ಗುರುತು ಮಾಡಿ. ಇಳಿಸಿದ ಫೈಲಿನಲ್ಲಿ ಸರಿಯಾಗಿ 2000 ಸಾಲು ಮಾತ್ರ ಇದ್ದರೆ ಅದು ಆರ್ಕೈವಿನ ಸಿಂಕ್ರೊನಸ್ (ತಕ್ಷಣ ಉತ್ತರ ಕೊಡುವ) ಕ್ವೆರಿಯ ಮಿತಿ, ಅಸಿಂಕ್ರೊನಸ್‌ಗೆ ಬದಲಿಸಿ.

ಇಷ್ಟೆಲ್ಲ ಕಷ್ಟ ಭಾರೀ ನಕ್ಷತ್ರಕ್ಕೇ ಏಕೆ ಅಂದರೆ, ಅವಕ್ಕೆ ಓಡಾಡಲು ಆಯಸ್ಸೇ ಇಲ್ಲ. ಸೆಕೆಂಡಿಗೆ 10 ಕಿಲೋಮೀಟರ್ ವೇಗದಲ್ಲಿ ಹುಟ್ಟಿದ ಜಾಗ ಬಿಟ್ಟು ಹೊರಟರೂ ಹತ್ತು ಲಕ್ಷ ವರ್ಷಕ್ಕೆ 10 ಪಾರ್ಸೆಕ್. ಮೂವತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬದುಕುವ ನಕ್ಷತ್ರ ಸಾಯುವಾಗಲೂ ಹುಟ್ಟಿದ ತೋಳಿನ ಒಳಗೇ ಇರುತ್ತದೆ. ನಮ್ಮ ಸೂರ್ಯ ಗ್ಯಾಲಕ್ಸಿಯನ್ನು ಇಪ್ಪತ್ತರಷ್ಟು ಸುತ್ತು ಹಾಕಿಬಿಟ್ಟಿದ್ದಾನೆ, ಅವನನ್ನು ಕೇಳಿ ತೋಳು ಎಲ್ಲಿ ಎಂದು ತಿಳಿಯುವಂತಿಲ್ಲ. 1951ರಲ್ಲಿ ವಿಲಿಯಂ ಮಾರ್ಗನ್, ಶಾರ್ಪ್‌ಲೆಸ್, ಆಸ್ಟರ್‌ಬ್ರಾಕ್ ಮೂವರೂ ನಮ್ಮ ಸುತ್ತಲಿನ ತೋಳಿನ ತುಂಡುಗಳನ್ನು ಮೊದಲು ತೋರಿಸಿದ್ದೂ ಈ ನಕ್ಷತ್ರಗಳಿಂದ ಮತ್ತು ಅವುಗಳ ಸುತ್ತ ಹೊಳೆಯುವ ಹೈಡ್ರೋಜನ್ ಮೋಡಗಳಿಂದಲೇ.

---

ಮುಳಬಾಗಿಲು_ಗ್ರೇಟಿಂಗ್ (ಕೋಲಾರ ಜಿಲ್ಲೆ)

ಕ್ಯಾಮೆರಾ ಪ್ರಶ್ನೆಗೆ ಉತ್ತರ. ಇರುವ ಸಾಮಾನು ಸಾಕು, ಟ್ರ್ಯಾಕಿಂಗ್ ಇಲ್ಲದಿರುವುದೇ ಇಲ್ಲಿ ಅನುಕೂಲ.

ಗುರಿ: ಗಾಮಾ ವೆಲೋರಮ್. ಕಾಂತಿಮಾನ 1.8, ನಮಗೆ ಅತಿ ಹತ್ತಿರದ ವುಲ್ಫ್–ರಾಯೇ, ಸುಮಾರು 1100 ಜ್ಯೋತಿರ್ವರ್ಷ. ಡಬ್ಲ್ಯುಸಿ8 ವರ್ಗದ್ದು (ಕಾರ್ಬನ್ ಗೆರೆಗಳು ಎದ್ದು ಕಾಣುವ ಬಗೆ), ಜೊತೆಗೆ ಒಂದು ಓ ನಕ್ಷತ್ರ ಇದೆ. ಅತಿ ಎತ್ತರಕ್ಕೇರಿದಾಗ ಸಿರಾದಲ್ಲಿ ದಕ್ಷಿಣ ದಿಗಂತದಿಂದ 29 ಡಿಗ್ರಿ ಎತ್ತರ. ದೆಹಲಿಯವರಿಗೆ ಈ ಸೌಭಾಗ್ಯ ಇಲ್ಲ. ಮಾರ್ಚ್ ಮೊದಲೆರಡು ವಾರ ರಾತ್ರಿ 9ರಿಂದ 10ರ ನಡುವೆ ನೇರ ದಕ್ಷಿಣಕ್ಕೆ ಬರುತ್ತದೆ, ಫೆಬ್ರವರಿಯಲ್ಲಿ 11ರ ಹೊತ್ತಿಗೆ. ಅಗಸ್ತ್ಯನಿಂದ (ಕೆನೊಪಸ್) ಪೂರ್ವಕ್ಕೆ, ಅಂದರೆ ಎಡಕ್ಕೆ, ತುಸು ಮೇಲೆ, ಸುಮಾರು 18 ಡಿಗ್ರಿ ದೂರ.

ಜಾಗದ ಮಾತು: ಅದು ದಕ್ಷಿಣದಲ್ಲಿ ಕೆಳಗೆ ಇರುವುದರಿಂದ ಬೆಂಗಳೂರಿನ ಬೆಳಕು ಯಾವ ದಿಕ್ಕಿಗಿದೆ ಅನ್ನುವುದೇ ಮುಖ್ಯ. ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ನೇರ ದಕ್ಷಿಣಕ್ಕೆ, ನಕ್ಷತ್ರ ಸರಿಯಾಗಿ ಆ ಹೊಗೆಬೆಳಕಿನೊಳಗೆ. ನಮ್ಮ ಕೋಲಾರದ ಕಡೆ ಅದು ಪಶ್ಚಿಮಕ್ಕೆ ಬೀಳುತ್ತದೆ. ಸಿರಾಕ್ಕೆ ಆಗ್ನೇಯ, ದೂರವೂ ಜಾಸ್ತಿ. ತೊಂದರೆ ಇರುವುದು ಹತ್ತಿರದ ಸೇವಂತಿಗೆ ತೋಟದ ಬಲ್ಬುಗಳಿಂದ. ಹೂವಿಗೆಂದು ರಾತ್ರಿ ದೀಪ ಹಾಕಿರುವ ಹೊಲ ದಕ್ಷಿಣಕ್ಕೆ ಬರದ ಹಾಗೆ ನಿಂತುಕೊಳ್ಳಿ.

ಜೋಡಣೆ: ಗ್ರೇಟಿಂಗ್ ಲೆನ್ಸಿನ ಮುಂದೆ ಹೋಗಬೇಕು. ಅದರ ತಿರುಪಿನ ಎಳೆ (ಥ್ರೆಡ್) 1.25 ಇಂಚಿನ ಐಪೀಸ್ ಫಿಲ್ಟರಿನದು, ಅಂದರೆ 28.5 ಮಿ.ಮೀ.; ನಿಮ್ಮ ಲೆನ್ಸಿನ ಫಿಲ್ಟರ್ ಎಳೆಯಿಂದ ಅಲ್ಲಿಗೆ ಇಳಿಸುವ ರಿಂಗ್ ಬೇಕು. ಲೆನ್ಸನ್ನು 100 ಮಿ.ಮೀ.ಗೆ ಇಡಿ, ಅಪರ್ಚರ್ 5.6. ಗ್ರೇಟಿಂಗ್ ಗಾಜು 25 ಮಿ.ಮೀ. ಮಾತ್ರ, ಇನ್ನೂ ತೆರೆದರೆ ರಿಂಗ್ ಅಡ್ಡ ಬರುತ್ತದೆ. ಪಿಕ್ಸೆಲ್ 4.3 ಮೈಕ್ರಾನ್, ಗ್ರೇಟಿಂಗ್ ಮಿಲಿಮೀಟರಿಗೆ 100 ಗೆರೆ. ಪಿಕ್ಸೆಲ್ ಒಂದಕ್ಕೆ 4.3 ಆಂಗ್‌ಸ್ಟ್ರಾಮ್ (ಬೆಳಕಿನ ಅಲೆಯುದ್ದದ ಅಳತೆ; ಮುಂದೆ ಬರುವ 4861ರಂಥ ಸಂಖ್ಯೆಗಳೂ ಇದರಲ್ಲೇ) ಬಂತು. ನಕ್ಷತ್ರದ ನೇರ ಬಿಂಬದಿಂದ 7000 ಆಂಗ್‌ಸ್ಟ್ರಾಮ್ ತನಕ ಸುಮಾರು 1630 ಪಿಕ್ಸೆಲ್, ಫ್ರೇಮಿನಲ್ಲಿ ಆರಾಮಾಗಿ ಹಿಡಿಯುತ್ತದೆ.

ಗ್ರೇಟಿಂಗನ್ನು ತಿರುಗಿಸಿ ಸ್ಪೆಕ್ಟ್ರಮ್ ಉತ್ತರ–ದಕ್ಷಿಣವಾಗಿ ಬೀಳುವ ಹಾಗೆ ಮಾಡಿ. ಭೂಮಿ ತಿರುಗುವುದರಿಂದ ನಕ್ಷತ್ರ ಪೂರ್ವ–ಪಶ್ಚಿಮವಾಗಿ ಜಾರುತ್ತದೆ, ಸೂಜಿಯಷ್ಟು ತೆಳು ಗೆರೆ ತಾನಾಗಿಯೇ ಪಟ್ಟಿಯಾಗುತ್ತದೆ. ಈ ನಕ್ಷತ್ರದ ಜಾರುವ ವೇಗ ಸೆಕೆಂಡಿಗೆ ಸುಮಾರು 10 ಆರ್ಕ್‌ಸೆಕೆಂಡ್, ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು. 10 ಸೆಕೆಂಡ್ ಎಕ್ಸ್‌ಪೋಷರ್‌ಗೆ 11–12 ಪಿಕ್ಸೆಲ್ ಅಗಲದ ಪಟ್ಟಿ. ಐಎಸ್‌ಒ 800, 20 ಫ್ರೇಮ್, ರಾ ಫೈಲ್. ಗ್ರೇಟಿಂಗ್ ಓರೆಯಾದರೆ ಜಾರುವಿಕೆಯೇ ಗೆರೆಗಳನ್ನು ಅಳಿಸಿಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲೇ.

ಫೋಕಸ್ ನಕ್ಷತ್ರದ ಬಿಂಬಕ್ಕೆ ಅಲ್ಲ, ಸ್ಪೆಕ್ಟ್ರಮ್‌ಗೆ. ಲುಬ್ಧಕನನ್ನು (ಸಿರಿಯಸ್) ಹಿಡಿದು 2–3 ಸೆಕೆಂಡ್ ತೆಗೆದು, ಹೈಡ್ರೋಜನ್ನಿನ ಕಪ್ಪು ಗೆರೆ 4861ರಲ್ಲಿ ಚೂಪಾಗುವ ತನಕ ತಿರುಗಿಸಿ, ಆಮೇಲೆ ಟೇಪ್ ಹಾಕಿ ಬಿಗಿ ಮಾಡಿ. ಅದೇ ಫ್ರೇಮ್‌ಗಳು ಅಳತೆಪಟ್ಟಿಯೂ ಹೌದು: ನೇರ ಬಿಂಬ ಸೊನ್ನೆ, 4861, 4341, 4102 ಮೂರು ಗೆರೆ. ಕೆಂಪಿನ 6563 ಡಿಎಸ್‌ಎಲ್‌ಆರ್‌ನ ಒಳಗಿನ ಫಿಲ್ಟರಿನಿಂದ ಮಂಕಾಗಿರುತ್ತದೆ, ಅದನ್ನು ನೆಚ್ಚಬೇಡಿ.

ಕಾಣಬೇಕಾದದ್ದು: 4650–4686ರಲ್ಲಿ ಕಾರ್ಬನ್ ಮತ್ತು ಹೀಲಿಯಂ ಸೇರಿದ ದಪ್ಪ ದಿಬ್ಬ, ಹಳದಿಯಲ್ಲಿ 5696 ಮತ್ತು 5808ರಲ್ಲಿ ಎರಡು ಕಾರ್ಬನ್ ದಿಬ್ಬ, ನಡುವೆ 26 ಪಿಕ್ಸೆಲ್ ಅಂತರ. ಲುಬ್ಧಕನಲ್ಲಿ ಕಪ್ಪು ಗೆರೆ, ಇದರಲ್ಲಿ ಹೊಳೆಯುವ ಗೆರೆ. ಪಕ್ಕಪಕ್ಕ ಇಟ್ಟರೆ ಎಂಟನೇ ತರಗತಿ ಮಕ್ಕಳೂ ಬೆರಳಿಟ್ಟು ತೋರಿಸುತ್ತಾರೆ. ಇಷ್ಟು ಅಗ್ಗದ ಗ್ರೇಟಿಂಗಿಗೆ ಇದು ದಕ್ಕಲು ಕಾರಣ ಗಾಳಿಯ ವೇಗ. ನಕ್ಷತ್ರದಿಂದ ಸೆಕೆಂಡಿಗೆ 2000 ಕಿಲೋಮೀಟರಿನಷ್ಟು ವೇಗದಲ್ಲಿ ಅನಿಲ ಹೊರಗೆ ಹಾರುತ್ತಿದ್ದರೆ ಡಾಪ್ಲರ್‌ನಿಂದ ಗೆರೆ 4686ರ ಎರಡೂ ಪಕ್ಕ 30 ಆಂಗ್‌ಸ್ಟ್ರಾಮ್ ಹಿಗ್ಗುತ್ತದೆ. ಅಷ್ಟು ಅಗಲದ್ದನ್ನು ನೋಡಲು ದೊಡ್ಡ ಉಪಕರಣವೇ ಬೇಕಾಗಿಲ್ಲ. 1867ರಲ್ಲಿ ಪ್ಯಾರಿಸ್‌ನಲ್ಲಿ ಶಾರ್ಲ್ ವುಲ್ಫ್ ಮತ್ತು ಜಾರ್ಜ್ ರಾಯೇ ರಾಜಹಂಸ (ಸಿಗ್ನಸ್) ನಕ್ಷತ್ರಪುಂಜದ ಮೂರು ನಕ್ಷತ್ರಗಳಲ್ಲಿ ಇದನ್ನು ಬರಿಗಣ್ಣನ್ನು ಸ್ಪೆಕ್ಟ್ರೋಸ್ಕೋಪಿಗೆ ಇಟ್ಟೇ ಕಂಡವರು.

ಮೋಸ ಹೋಗುವ ಜಾಗಗಳು. ಸೆನ್ಸರಿನ ಹಸಿರು ಚೌಕ ಮುಗಿದು ಕೆಂಪು ಚೌಕ ಶುರುವಾಗುವುದು 5800ರ ಆಸುಪಾಸಿನಲ್ಲಿ. ಆ ಹೊಲಿಗೆಯಲ್ಲಿ ಎಲ್ಲ ನಕ್ಷತ್ರಕ್ಕೂ ಒಂದು ಉಬ್ಬುತಗ್ಗು ಬರುತ್ತದೆ, ಸರಿಯಾಗಿ ಕಾರ್ಬನ್ ಗೆರೆಯ ಜಾಗದಲ್ಲಿ. ಲುಬ್ಧಕನ ಗ್ರಾಫನ್ನು ಎ1 ವರ್ಗದ ಮಾದರಿ ಸ್ಪೆಕ್ಟ್ರಮ್‌ನಿಂದ ಭಾಗಿಸಿ ಕ್ಯಾಮೆರಾದ ಪ್ರತಿಕ್ರಿಯೆ ತೆಗೆದು, ಅದರಿಂದ ಇದನ್ನು ಭಾಗಿಸದೆ ಘೋಷಣೆ ಮಾಡಬೇಡಿ. ಬಾಸ್ ಪ್ರಾಜೆಕ್ಟ್, ಆರ್‌ಸ್ಪೆಕ್ ಎರಡು ತಂತ್ರಾಂಶಗಳಲ್ಲೂ ಈ ಸೌಲಭ್ಯ ಇದೆ. ಆಕಾಶದ ಬೀದಿದೀಪದ ಬೆಳಕು ಸೀಳುಕಿಂಡಿ ಇಲ್ಲದ ಈ ಜೋಡಣೆಯಲ್ಲಿ ಗೆರೆಯಾಗುವುದಿಲ್ಲ, ಮಂಜಾಗಿ ಹರಡುತ್ತದೆ. ಪಟ್ಟಿಯ ಎರಡೂ ಬದಿಯಿಂದ ಹಿನ್ನೆಲೆ ತೆಗೆದು ಕಳೆದರೆ ಹೋಯಿತು. ಇನ್ನು 41 ಆರ್ಕ್‌ಸೆಕೆಂಡ್ ಪಕ್ಕದಲ್ಲಿ 4.2 ಕಾಂತಿಮಾನದ ಇನ್ನೊಂದು ನಕ್ಷತ್ರ ಇದೆ. ಅದರ ಪಟ್ಟಿ ಇದರ ಮೇಲೇ ಅರ್ಧ ಹತ್ತಿರುತ್ತದೆ. ತೆಳು ಬೆಳಕಿನದು, ಗೆರೆಗಳನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ.

ಹೊಸ ವುಲ್ಫ್–ರಾಯೇ ಹುಡುಕುವುದು ಈ ಕ್ಯಾಮೆರಾದಲ್ಲಿ ಆಗದು. ನಮ್ಮ ಗ್ಯಾಲಕ್ಸಿಯಲ್ಲಿ ಗೊತ್ತಿರುವುದು 670ರ ಆಸುಪಾಸು, ಒಟ್ಟು 1200ರಷ್ಟು ಇರಬಹುದೆಂಬ ಅಂದಾಜಿದೆ; ಉಳಿದವು ಧೂಳಿನ ಹಿಂದೆ, ಅವಕೆಂಪಿನಲ್ಲಿ ಮಾತ್ರ ಕಾಣುವಂಥವು.

---

ಸಿರಾ_ರಾತ್ರಿಪಾಳಿ

ದಾಸಯ್ಯನವರೇ, ನೀವು ಹೇಳಿದ ಹಾಗೆ ಮಾಡಿದ ಮೇಲೆ ಮೂರು ಓರೆ ಪಟ್ಟಿಗಳು ಮೂಡಿವೆ: ಒಳಗಡೆ ಧನು–ಕರೀನಾ, ನಮ್ಮದು, ಹೊರಗಡೆ ಪರ್ಸಿಯಸ್. ಆದರೆ ಪಟ್ಟಿಗಳು ತುಂಡುತುಂಡು. ಪರ್ಸಿಯಸ್‌ನಲ್ಲಂತೂ ದೊಡ್ಡ ಖಾಲಿ ಜಾಗಗಳಿವೆ. ರೇಡಿಯೋ ನಕ್ಷೆಗಳಲ್ಲಿ ತೋಳು ಉದ್ದಕ್ಕೂ ತುಂಬಿರುತ್ತದೆ, ಅದನ್ನೇ ತೆಗೆದುಕೊಂಡರೆ ಆಗದೆ?

---

ಗೌರಿಬಿದನೂರು_ತರಂಗ (ಚಿಕ್ಕಬಳ್ಳಾಪುರ ಜಿಲ್ಲೆ)

ಆಗದು ಅಂತಲ್ಲ, ಆದರೆ ರೇಡಿಯೋದವರ ದೂರ ಹೇಗೆ ಬರುತ್ತದೆ ಅಂತ ತಿಳಿದು ತೆಗೆದುಕೊಳ್ಳಿ. 21 ಸೆಂ.ಮೀ. ಹೈಡ್ರೋಜನ್ ಗೆರೆ ದೂರವನ್ನು ಕೊಡುವುದೇ ಇಲ್ಲ, ವೇಗವನ್ನು ಕೊಡುತ್ತದೆ. ಗ್ಯಾಲಕ್ಸಿ ಎಲ್ಲೆಡೆ ನಿಯಮಿತವಾಗಿ ಸುತ್ತುತ್ತದೆ ಎಂದು ಒಪ್ಪಿಕೊಂಡು ವೇಗದಿಂದ ದೂರ ಊಹಿಸಬೇಕು. ಸೂರ್ಯನ ಕಕ್ಷೆಯ ಒಳಗಡೆ ಒಂದೇ ವೇಗಕ್ಕೆ ಹತ್ತಿರದ್ದೊಂದು, ದೂರದ್ದೊಂದು ಎರಡು ಉತ್ತರ. ಕೇಂದ್ರದ ದಿಕ್ಕಿನಲ್ಲಿ, ಅದರ ನೇರ ವಿರುದ್ಧ ದಿಕ್ಕಿನಲ್ಲಿ ವೇಗ ಸೊನ್ನೆ, ಉತ್ತರವೇ ಇಲ್ಲ.

ನೀವು ಹೇಳಿದ ಪರ್ಸಿಯಸ್ ತೋಳಿನದ್ದೇ ಉದಾಹರಣೆ. ಕುಂತಿ, ಅಂದರೆ ಕ್ಯಾಸಿಯೋಪಿಯಾ ಕಡೆ ಡಬ್ಲ್ಯು3 ಎಂಬ ನಕ್ಷತ್ರ ಹುಟ್ಟುವ ಮೋಡ ಇದೆ. ವೇಗದ ಲೆಕ್ಕದಲ್ಲಿ ಅದರ ದೂರ 4 ಕಿಲೋಪಾರ್ಸೆಕ್‌ಗೂ ಹೆಚ್ಚು ಬರುತ್ತಿತ್ತು. 2006ರಲ್ಲಿ ಅಮೆರಿಕದ ವಿಎಲ್‌ಬಿಎ ರೇಡಿಯೋ ದೂರದರ್ಶಕಗಳ ಜಾಲದಿಂದ ಅದರೊಳಗಿನ, ರೇಡಿಯೋ ಅಲೆಯನ್ನು ಲೇಸರಿನಂತೆ ಹೊಮ್ಮಿಸುವ ಮೇಸರ್‌ನ ಪ್ಯಾರಲ್ಯಾಕ್ಸ್ ಅಳೆದಾಗ ಸಿಕ್ಕಿದ ದೂರ 1.95 ಕಿಲೋಪಾರ್ಸೆಕ್. ಅರ್ಧಕ್ಕರ್ಧ ವ್ಯತ್ಯಾಸ! ಓ ನಕ್ಷತ್ರಗಳ ಪ್ರಕಾಶದಿಂದ ತೆಗೆದ ದೂರ ಮೊದಲಿಂದಲೂ 2ರ ಹತ್ತಿರವೇ ಹೇಳುತ್ತಿತ್ತು. ಅಂದರೆ ಅಲ್ಲಿನ ಅನಿಲ ನಿಯಮಿತವಾಗಿ ಸುತ್ತುತ್ತಿಲ್ಲ, ತೋಳೇ ಅದನ್ನು ಎಳೆದಾಡುತ್ತಿದೆ. ಹೀಗೆ ಸುಮಾರು 200 ಮೇಸರ್‌ಗಳ ಪ್ಯಾರಲ್ಯಾಕ್ಸ್ ಸೇರಿಸಿ 2019ರಲ್ಲಿ ಮಾರ್ಕ್ ರೀಡ್ ತಂಡ ಕೊಟ್ಟ ನಕ್ಷೆಯೇ ಈಗಿನ ಆಧಾರ. ಮೇಲೆ ಹೇಳಿದ 8.15 ಕೂಡ ಅಲ್ಲಿಯದೇ. ಅದರ ತೋಳಿನ ಗೆರೆಗಳನ್ನು ಹಿನ್ನೆಲೆಗೆ ಹಾಕಿ ನಿಮ್ಮ ಚುಕ್ಕಿಗಳನ್ನು ಮೇಲೆ ಇಡಿ. ಖಾಲಿ ಜಾಗ ತುಂಬಲು ಹೋಗಬೇಡಿ. ಕೆಲವು ಧೂಳಿನಿಂದ, ಕೆಲವು ನಿಜವಾಗಿ ಖಾಲಿ. ಭಾರೀ ನಕ್ಷತ್ರಗಳು ಗುಂಪುಗುಂಪಾಗಿಯೇ ಹುಟ್ಟುತ್ತವೆ.

ಮಕ್ಕಳಿಂದ ಎರಡು ತೋಳನ್ನು ಒಂದೇ ಗ್ರಾಫಿನಲ್ಲಿ ನೋಡಿಸಬೇಕಾದರೆ ಹಾರ್ನ್ ಆಂಟೆನಾ ಮಾಡಿಸಿ. ತಗಡಿನ ಕೆಲಸದವರಿಗೆ 15 ಸೆಂ.ಮೀ. ವ್ಯಾಸ, 30 ಸೆಂ.ಮೀ. ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ ಹೇಳಿ. 15 ಕೆ.ಜಿ. ಎಣ್ಣೆ ಡಬ್ಬ ಬಳಸೋಣ ಅನಿಸುತ್ತದೆ, ಬೇಡ: ಅದರ ಅಗಲ 23 ಸೆಂ.ಮೀ. ಮೀರುತ್ತದೆ, 1420 ಮೆಗಾಹರ್ಟ್ಸ್‌ನಲ್ಲಿ ಎರಡನೇ ತರಂಗರೂಪವೂ ಒಳಗೆ ಓಡಾಡಿ ಸಿಗ್ನಲ್ ತಿನ್ನುತ್ತದೆ. 15ರ ಕೊಳವೆಯಲ್ಲಿ ಒಂದೇ ರೂಪ ಹಾಯುತ್ತದೆ. ಮುಚ್ಚಿದ ತಳದಿಂದ 9.3 ಸೆಂ.ಮೀ. ಬಿಟ್ಟು ರಂಧ್ರ, ಅದರಲ್ಲಿ 5 ಸೆಂ.ಮೀ. ತಾಮ್ರದ ಕಡ್ಡಿ. ಬಾಯಿಗೆ 75 ಸೆಂ.ಮೀ. ತನಕ ಅಗಲವಾಗುವ ಹಾರ್ನ್. ಫಾಯಿಲ್ ಅಂಟಿಸಿದ ಥರ್ಮೊಕೋಲ್ ಹಲಗೆ ಸಾಕು, ಆದರೆ ಫಾಯಿಲ್ ಕೊಳವೆಯ ತಗಡಿಗೆ ವಿದ್ಯುತ್ ಸಂಪರ್ಕದಲ್ಲಿರಬೇಕು. ನೋಟದ ಅಗಲ ಸುಮಾರು 20 ಡಿಗ್ರಿ ಬರುತ್ತದೆ.

ಕಡ್ಡಿಗೆ ಅಂಟಿದಂತೆ 1420ರ ಫಿಲ್ಟರ್ ಇರುವ ಎಲ್‌ಎನ್‌ಎ (ಗದ್ದಲ ಕಡಿಮೆ ಇರುವ ಸಿಗ್ನಲ್ ವರ್ಧಕ), ಆಮೇಲೆ ಕೇಬಲ್, ಅದರಾಚೆ ಕಂಪ್ಯೂಟರಿಗೆ ಜೋಡಿಸುವ ರೇಡಿಯೋ ರಿಸೀವರ್ ಆರ್‌ಟಿಎಲ್ ಎಸ್‌ಡಿಆರ್. ಎಲ್‌ಎನ್‌ಎಯನ್ನು ಲ್ಯಾಪ್‌ಟಾಪ್ ಕಡೆ ಇಟ್ಟರೆ ಕೇಬಲ್ಲೇ ಸಿಗ್ನಲ್ ನುಂಗುತ್ತದೆ. ಬಯಾಸ್-ಟಿ (ಕೇಬಲ್ಲಿನಲ್ಲೇ ಕರೆಂಟ್ ಕಳಿಸುವ ಸೌಲಭ್ಯ) ಆನ್ ಮಾಡದಿದ್ದರೆ ಎಲ್‌ಎನ್‌ಎಗೆ ಕರೆಂಟ್ ಇಲ್ಲ, ಗ್ರಾಫ್ ಚಪ್ಪಟೆ. ಮಧ್ಯದ ಆವರ್ತನ 1420.0ಗೆ ಇಡಿ, 1420.4ಕ್ಕೆ ಅಲ್ಲ, ನಡುವೆ ಯಾವಾಗಲೂ ಒಂದು ಸುಳ್ಳು ಮುಳ್ಳು ನಿಂತಿರುತ್ತದೆ. 2.4 ಮೆಗಾಹರ್ಟ್ಸ್ ಅಗಲ ಅಂದರೆ ಸೆಕೆಂಡಿಗೆ 500 ಕಿ.ಮೀ. ವ್ಯಾಪ್ತಿ, ಧಾರಾಳ. ಐದು ನಿಮಿಷ ಸರಾಸರಿ ಮಾಡಿ, ಅದೇ ಸೆಟ್ಟಿಂಗ್‌ನಲ್ಲಿ ತಟ್ಟೆಯಿಂದ ದೂರದ ಖಾಲಿ ಆಕಾಶ ಐದು ನಿಮಿಷ, ಒಂದರಿಂದ ಇನ್ನೊಂದನ್ನು ಭಾಗಿಸಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಚಾರ್ಜರ್, ಎಲ್ಇಡಿ ಡ್ರೈವರ್, ಸೋಲಾರ್ ಇನ್ವರ್ಟರ್ ಮೂರೂ ಗದ್ದಲ ಹಾಕುತ್ತವೆ.

ಡಿಸೆಂಬರ್ ಸಂಜೆ ಕುಂತಿಯ ಕಡೆ, ಗ್ಯಾಲಕ್ಸಿ ರೇಖಾಂಶ 135ಕ್ಕೆ ತಿರುಗಿಸಿ. ಉತ್ತರಕ್ಕೆ 43 ಡಿಗ್ರಿ ಎತ್ತರದ ಆಸುಪಾಸು. ಎರಡು ದಿಬ್ಬ ಕಾಣುತ್ತದೆ: ಸೊನ್ನೆಯ ಹತ್ತಿರ ನಮ್ಮ ತೋಳು, –50 ಕಿ.ಮೀ. ಸುಮಾರಿಗೆ ಪರ್ಸಿಯಸ್ ತೋಳು. ಒಂದು ಕಿ.ಮೀ. ವೇಗಕ್ಕೆ 4.74 ಕಿಲೋಹರ್ಟ್ಸ್, ನಮ್ಮ ಕಡೆ ಬರುತ್ತಿದ್ದರೆ ಆವರ್ತನ ಮೇಲಕ್ಕೆ. ಎರಡನೇ ದಿಬ್ಬ 1420.64ರ ಹತ್ತಿರ. ಭೂಮಿಯ ಓಟ ಸೆಕೆಂಡಿಗೆ 30 ಕಿ.ಮೀ., ಅದನ್ನು ತಿಂಗಳಿಗೆ ತಕ್ಕಂತೆ ತಿದ್ದದಿದ್ದರೆ ಎರಡೂ ದಿಬ್ಬ ಪಕ್ಕಕ್ಕೆ ಸರಿದಿರುತ್ತವೆ.

ನಮ್ಮೂರಿನ ಮಾತು ಒಂದು. ಗೌರಿಬಿದನೂರಿನ ಟಿ ಆಕಾರದ 34.5 ಮೆಗಾಹರ್ಟ್ಸ್ ಆಂಟೆನಾದಲ್ಲಿ, ಸಾವಿರ ಡೈಪೋಲ್, ಪೂರ್ವ–ಪಶ್ಚಿಮ 1.4 ಕಿ.ಮೀ., ಭಾರೀ ನಕ್ಷತ್ರಗಳ ಸುತ್ತಲಿನ ಬಿಸಿ ಹೈಡ್ರೋಜನ್ ಮೋಡಗಳು ಹೊಳೆಯುತ್ತಿರಲಿಲ್ಲ, ಕಪ್ಪು ಮಚ್ಚೆಯಾಗಿ ಕಾಣುತ್ತಿದ್ದವು. ಅಷ್ಟು ಕಡಿಮೆ ಆವರ್ತನದಲ್ಲಿ ಆ ಮೋಡ ಅಪಾರದರ್ಶಕ. ಹಿಂದಿನ ಗ್ಯಾಲಕ್ಸಿಯ ರೇಡಿಯೋ ಬೆಳಕನ್ನು ತಡೆದುಬಿಡುತ್ತದೆ. ಕಪ್ಪು ಎಷ್ಟು ಗಾಢ ಅನ್ನುವುದರಿಂದ ಮೋಡದ ಹಿಂದೆ ಎಷ್ಟು ಬೆಳಕು, ಮುಂದೆ ಎಷ್ಟು ಎಂದು ವಿಂಗಡಿಸಬಹುದು. ವೇಗದ ಎರಡು ಉತ್ತರಗಳಲ್ಲಿ ಯಾವುದು ಸರಿ ಎಂದು ಕೇಳುವಾಗ ಇದೂ ಒಂದು ಸಾಕ್ಷಿ.

---

ದತ್ತಾಂಶ_ದಾಸಯ್ಯ

ಹೊಸ ವುಲ್ಫ್–ರಾಯೇ ಬಗ್ಗೆ ಒಂದು ಸೇರ್ಪಡೆ. ಕ್ಯಾಮೆರಾದಲ್ಲಿ ಆಗದು, ಟೇಬಲ್‌ನಲ್ಲಿ ಪ್ರಯತ್ನಿಸಬಹುದು. ಡಿಆರ್3ಯಲ್ಲಿ ಸುಮಾರು 22 ಕೋಟಿ ನಕ್ಷತ್ರಗಳ ಕಡಿಮೆ ವಿವರದ ಎಕ್ಸ್‌ಪಿ ಸ್ಪೆಕ್ಟ್ರಮ್ ಇದೆ, 330ರಿಂದ 1050 ನ್ಯಾನೋಮೀಟರ್. ಆಸ್ಟ್ರೋಫಿಸಿಕಲ್ ಪ್ಯಾರಾಮೀಟರ್ಸ್ ಟೇಬಲ್‌ನ ಇಎಸ್‌ಪಿ-ಇಎಲ್‌ಎಸ್ ವರ್ಗದ ಕಾಲಂನಲ್ಲಿ ಡಬ್ಲ್ಯುಸಿ, ಡಬ್ಲ್ಯುಎನ್ (ಕಾರ್ಬನ್, ಸಾರಜನಕ ಗೆರೆಗಳ ವುಲ್ಫ್–ರಾಯೇ) ಎಂದು ಗುರುತಾದವನ್ನು ತೆಗೆದು, ಸಿಂಬಾಡ್ ಎಂಬ ನಕ್ಷತ್ರಗಳ ಮಾಹಿತಿಕೋಶದಲ್ಲಿ ಈಗಾಗಲೇ ಹೆಸರಿರುವವನ್ನು ಕಳೆಯಿರಿ. ಉಳಿದವನ್ನು ಒಂದೊಂದಾಗಿ ಕಣ್ಣಿಂದ ನೋಡಬೇಕು.

ಎಕ್ಸ್‌ಪಿ ಸ್ಪೆಕ್ಟ್ರಮ್ ಅಳತೆಬಿಂದುಗಳಾಗಿ ಅಲ್ಲ, ಗಣಿತದ ಅಲೆಗಳ ಮೊತ್ತವಾಗಿ ಶೇಖರಿಸಿದ್ದು. ಮಂಕು ನಕ್ಷತ್ರದಲ್ಲಿ ಆ ಅಲೆಗಳೇ ಉಬ್ಬಿ ಗೆರೆಯ ಹಾಗೆ ಕಾಣುತ್ತವೆ. ಉಬ್ಬುಗಳು ಸಮಾನ ಅಂತರದಲ್ಲಿ ಸಾಲಾಗಿ ಬಂದಿದ್ದರೆ ನಂಬಬೇಡಿ. ಎಂ ವರ್ಗದ ತಂಪು ನಕ್ಷತ್ರದಲ್ಲಿ ಟೈಟಾನಿಯಂ ಆಕ್ಸೈಡ್ ಪಟ್ಟಿಗಳು ಬೆಳಕನ್ನು ಕಚ್ಚಿ ತಿಂದಿರುತ್ತವೆ, ಕಚ್ಚದೆ ಉಳಿದ ಭಾಗ ಹೊಳೆಯುವ ಗೆರೆಯಂತೆ ಕಾಣುತ್ತದೆ. ಅದರ ನೀಲಿ ಭಾಗ ಖಾಲಿ, ಆದರೆ ಧೂಳಿನ ಹಿಂದಿನ ವುಲ್ಫ್–ರಾಯೇಯದ್ದೂ ಖಾಲಿಯೇ, ಹಾಗಾಗಿ ಮೇಲೆ ಹೇಳಿದ ಜೆ–ಎಚ್, ಜಿ–ಕೆ ಚಿತ್ರದಲ್ಲಿ ಯಾವ ಗೆರೆಯ ಮೇಲಿದೆ ನೋಡಿ. ಬಿಇ (ಹೈಡ್ರೋಜನ್ ಗೆರೆ ಹೊಳೆಯುವ ಬಿ ವರ್ಗದ) ನಕ್ಷತ್ರದಲ್ಲಿ 6563 ಒಂದೇ ತೆಳು ಗೆರೆ. ಗ್ರಹರೂಪಿ ನೀಹಾರಿಕೆಗಳ ನಡುವಿನ ಸಣ್ಣ ನಕ್ಷತ್ರಗಳು ಅಸಲಿ ವುಲ್ಫ್–ರಾಯೇ ಗೆರೆಗಳನ್ನೇ ತೋರಿಸುತ್ತವೆ, ಅವು ಸೂರ್ಯನಂಥ ನಕ್ಷತ್ರದ ಅವಶೇಷ. ಪ್ಯಾರಲ್ಯಾಕ್ಸ್ ಹಾಕಿ ಪ್ರಕಾಶ ನೋಡಿದರೆ ನೂರಾರು ಪಟ್ಟು ಕಡಿಮೆ ಬರುತ್ತದೆ, ಸಿಕ್ಕಿಬೀಳುತ್ತವೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಂದೋ ಎರಡೋ ಉಳಿದರೆ, ನಕ್ಷೆಯ ಮೇಲೆ ಚುಕ್ಕಿ ಇಡುವ ಮೊದಲು ದೊಡ್ಡ ದೂರದರ್ಶಕದ ಸ್ಪೆಕ್ಟ್ರಮ್ ಬೇಕು. ಗಾಯಾ ಗುರುತು ಸಂಖ್ಯೆ, ಎಕ್ಸ್‌ಪಿ ಗ್ರಾಫ್, ಅವಕೆಂಪು ಬಣ್ಣ, ಪ್ಯಾರಲ್ಯಾಕ್ಸ್ ಒಂದೇ ಪುಟದಲ್ಲಿ ಇಟ್ಟು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಈ ವಿಷಯ ನೋಡುವವರಿಗೆ ಮೇಲ್ ಮಾಡಿ. ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ಅವರು ನಡೆಸುವುದು ಕೋಲಾರದ ದಾರಿಯ ಹೊಸಕೋಟೆಯಿಂದಲೇ.

---

ಮುಳಬಾಗಿಲು_ಗ್ರೇಟಿಂಗ್

ಮಾರ್ಚ್ ಕಳೆದರೆ ಸುಮ್ಮನೆ ಕೂರಬೇಕಾಗಿಲ್ಲ. ಮೇ ಮೊದಲ ಎರಡು ವಾರ ಬೆಳಗಿನ ಜಾವ 5ರ ಹೊತ್ತಿಗೆ ರಾಜಹಂಸ ನೆತ್ತಿಯ ಹತ್ತಿರ ಉತ್ತರಕ್ಕಿರುತ್ತದೆ, 60 ಡಿಗ್ರಿ ಮೀರಿ ಎತ್ತರ. ಡಬ್ಲ್ಯುಆರ್ 140 ಕಾಂತಿಮಾನ 7ರ ಹತ್ತಿರ, ಡಬ್ಲ್ಯುಆರ್ 136 ಸುಮಾರು 7.5, ಡಬ್ಲ್ಯುಆರ್ 134 ಸುಮಾರು 8. ಇವಕ್ಕೆ ಟ್ರೈಪಾಡ್ ಸಾಲದು, ಟ್ರ್ಯಾಕಿಂಗ್ ಇರುವ 6 ಅಥವಾ 8 ಇಂಚಿನ ದೂರದರ್ಶಕ ಬೇಕು, ಗ್ರೇಟಿಂಗ್ ಐಪೀಸ್ ಜಾಗದಲ್ಲಿ ಕ್ಯಾಮೆರಾದ ಮುಂದೆ. 3.75 ಮೈಕ್ರಾನ್ ಪಿಕ್ಸೆಲ್‌ನ ಸಣ್ಣ ಕ್ಯಾಮೆರಾಕ್ಕೆ ಗ್ರೇಟಿಂಗಿನಿಂದ ಸೆನ್ಸರಿಗೆ 60 ಮಿ.ಮೀ. ಅಂತರ ಕೊಟ್ಟರೆ ಪಿಕ್ಸೆಲ್‌ಗೆ 6.25 ಆಂಗ್‌ಸ್ಟ್ರಾಮ್. 1280 ಪಿಕ್ಸೆಲ್ ಅಗಲದ ಸೆನ್ಸರಿನಲ್ಲಿ 7000ರ ತನಕ 1120 ಹೋಗುತ್ತದೆ, ನೇರ ಬಿಂಬವನ್ನು ಎಡ ಅಂಚಿಗೆ ಒತ್ತಿ ಇಡಬೇಕು.

ಡಬ್ಲ್ಯುಆರ್ 140ರ ಜೋಡಿ 7.93 ವರ್ಷಕ್ಕೊಮ್ಮೆ ಒಂದಕ್ಕೊಂದು ಅತಿ ಹತ್ತಿರ ಬಂದು ಹೋಗುತ್ತದೆ, ಹಿಂದಿನದು 2024ರ ನವೆಂಬರ್‌ನಲ್ಲಿ ಆಯಿತು. ಮುಂದಿನದು 2032ರ ಕೊನೆಗೆ. ಆ ಹೊತ್ತಿಗೆ ಸಂಜೆಯ ಪಶ್ಚಿಮದಲ್ಲಿ ಇರುತ್ತದೆ, ಹಿಂಗಾರು ಮೋಡ ಬಿಟ್ಟರೆ.